ಕಾಯಿಕೊರಕದ ಊಟದ ಲೆಕ್ಕ: ಹುಳು ತಿಂದದ್ದಕ್ಕೂ ಪತಂಗ ಇಡುವ ಮೊಟ್ಟೆಗೂ ಇರುವ ನಂಟು

ಸತ್ವವಿಲ್ಲದ ಮೇವು ಸಿಕ್ಕ ಹುಳು ಕಡಿಮೆ ತಿನ್ನುತ್ತದೆ, ಹಾಗಾಗಿ ಬೆಳೆಗೆ ಹಾನಿಯೂ ಕಡಿಮೆ ಎಂದು ಅನ್ನಿಸುವುದು ಸಹಜ. ನಡೆಯುವುದು ಬಹುಮಟ್ಟಿಗೆ ಇದರ ಉಲ್ಟಾ. ಸತ್ವ ಕಡಿಮೆಯಾದಷ್ಟೂ ಹುಳು ಹೆಚ್ಚು ಹೊತ್ತು, ಹೆಚ್ಚು ದಿನ ಮೇಯುತ್ತದೆ, ಹಿಕ್ಕೆಯನ್ನೂ ಹೆಚ್ಚು ಹಾಕುತ್ತದೆ. ಅಷ್ಟಾದರೂ ಮೈ ತುಂಬುವುದಿಲ್ಲ. ಕೊನೆಗೆ ಚಿಕ್ಕ ಕೋಶವಾಗಿ (ಹುಳುವಿಗೂ ಪತಂಗಕ್ಕೂ ನಡುವಿನ, ಏನೂ ತಿನ್ನದ ಹಂತ), ಸಣ್ಣ ಪತಂಗವಾಗಿ, ಕೆಲವೇ ಮೊಟ್ಟೆ ಇಟ್ಟು ಸಾಯುತ್ತದೆ. ಅಂದರೆ ಆ ಒಂದು ಹುಳು ಮಾಡುವ ಹಾನಿ ಏರುತ್ತದೆ, ಅದರ ವಂಶ ಬೆಳೆಯುವ ವೇಗ ಮಾತ್ರ ಇಳಿಯುತ್ತದೆ. ಆಹಾರ ಮತ್ತು ಕೀಟದ ಸಂಬಂಧವನ್ನು ಓದುವಾಗ ಈ ಎರಡನ್ನೂ ಒಂದೇ ಎಂದು ಹಿಡಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಇದನ್ನು ಬಿಡಿಸಿ ನೋಡಲು ಕಾಯಿಕೊರಕಕ್ಕಿಂತ, ಅಂದರೆ ಹೆಲಿಕೋವರ್ಪಾ ಆರ್ಮಿಜೆರಾಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕಡಲೆ, ತೊಗರಿ, ಹತ್ತಿ, ಟೊಮೆಟೊ, ಸೂರ್ಯಕಾಂತಿ, ಮುಸುಕಿನ ಜೋಳ ಎಂದು 180ಕ್ಕೂ ಹೆಚ್ಚು ಬಗೆಯ ಗಿಡಗಳ ಮೇಲೆ ಇದು ಬದುಕುತ್ತದೆ. ಎಲ್ಲವನ್ನೂ ತಿನ್ನುತ್ತದೆ ಎಂದ ಮಾತ್ರಕ್ಕೆ ಎಲ್ಲವೂ ಅದಕ್ಕೆ ಸಮನಾಗಿ ಒಗ್ಗುತ್ತದೆ ಎಂದಲ್ಲ.

ಅದರ ಬದುಕಿನ ಚಕ್ರ ಚುಟುಕಾಗಿ ಹೀಗಿದೆ. ಸುಮಾರು ಅರ್ಧ ಮಿಲಿಮೀಟರ್ ಗಾತ್ರದ ಮೊಟ್ಟೆಗಳನ್ನು ತಾಯಿ ಪತಂಗ ಒಂದೊಂದಾಗಿ ಚಿಗುರು, ಮೊಗ್ಗು, ಹೂವುಗಳ ಮೇಲೆ ಅಂಟಿಸುತ್ತದೆ. ಬೆಚ್ಚಗಿನ ವಾತಾವರಣದಲ್ಲಿ ಮೂರು ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಎರಡರಿಂದ ಮೂರು ವಾರ ಹುಳುವಾಗಿ ಮೇಯುತ್ತದೆ. ಈ ನಡುವೆ ಐದು ಸಲ ಪೊರೆ ಕಳಚುವುದರಿಂದ ಸಾಮಾನ್ಯವಾಗಿ ಆರು ಹಂತಗಳು. ಬಲಿತ ಹುಳು ಮೂರೂವರೆ, ನಾಲ್ಕು ಸೆಂಟಿಮೀಟರ್ ಉದ್ದ ಇರುತ್ತದೆ. ಆಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ, ಹತ್ತರಿಂದ ಹದಿನಾಲ್ಕು ದಿನಕ್ಕೆ ಪತಂಗವಾಗಿ ಏಳುತ್ತದೆ. ಇಡೀ ಬಾಳಿನಲ್ಲಿ ಗಟ್ಟಿ ಆಹಾರ ಒಳಹೋಗುವುದು ಆ ಎರಡು ಮೂರು ವಾರಗಳಲ್ಲಿ ಮಾತ್ರ. ಪತಂಗಕ್ಕೆ ಅಗಿಯುವ ಬಾಯಿಲ್ಲ, ಸುರುಳಿ ಕೊಳವೆಯಿಂದ ಮಕರಂದ ಹೀರುವುದಷ್ಟೇ ಸಾಧ್ಯ. ಮೊಟ್ಟೆಯೊಳಗೆ ತುಂಬಬೇಕಾದ ಪ್ರೊಟೀನ್‌ನ ಬಹುಭಾಗವನ್ನು ಹುಳುವಾಗಿದ್ದಾಗಲೇ ಕೂಡಿಟ್ಟಿರಬೇಕು. ಹುಳುವಿನ ಊಟವೇ ಪತಂಗದ ಬಂಡವಾಳ.

ಸಾರಜನಕದ ಬಡತನ

ಎಲೆ ತಿಂದು ಬದುಕುವ ಯಾವ ಕೀಟಕ್ಕೂ ಮೊದಲ ಕೊರತೆ ಪ್ರೊಟೀನ್ ಕಟ್ಟಲು ಬೇಕಾದ ಸಾರಜನಕದ್ದು. ಕೀಟದ ಮೈಯ ಒಣ ತೂಕದಲ್ಲಿ ಸಾರಜನಕ ಶೇ. 7ರಿಂದ 14ರಷ್ಟು. ಎಲೆಯಲ್ಲಿ ಶೇ. 1ರಿಂದ ಹೆಚ್ಚೆಂದರೆ 6 ಅಥವಾ 7. ಬಲಿತ ಎಲೆಯಲ್ಲಿ ಇನ್ನೂ ಕಡಿಮೆ. ಆದ್ದರಿಂದ ಹುಳು ತನಗೆ ಬೇಡದ ನಾರು, ಪಿಷ್ಟಗಳನ್ನು ರಾಶಿಗಟ್ಟಲೆ ಹೊಟ್ಟೆಯಲ್ಲಿ ಸಾಗಿಸಿ, ಅದರೊಳಗಿಂದ ಚೂರು ಚೂರು ಪ್ರೊಟೀನನ್ನು ಹೆಕ್ಕಬೇಕಾಗುತ್ತದೆ. ಎಳೆ ಚಿಗುರು, ಹೂವಿನ ಪರಾಗ, ಎಳೆಗಾಯಿಯೊಳಗಿನ ಕಾಳು ಇವೆಲ್ಲ ಗಿಡವೇ ಸಾರಜನಕ ಸಾಗಿಸಿ ತುಂಬುವ ಜಾಗಗಳು. ಕಾಯಿಕೊರಕ ಎಲೆ ಬಿಟ್ಟು ಕಾಯಿಗೆ ತೂತು ಕೊರೆಯುವುದರ ಹಿಂದೆ ಇದೇ ಗಣಿತವಿದೆ.

ಪ್ರೊಟೀನ್ ಎಷ್ಟಿದೆ ಎನ್ನುವುದಷ್ಟೇ ಮುಖ್ಯವಲ್ಲ, ಶರ್ಕರಪಿಷ್ಟದ ಜೊತೆ ಅದು ಯಾವ ಅಳತೆಯಲ್ಲಿ ಬೆರೆತಿದೆ ಎನ್ನುವುದೂ ಮುಖ್ಯ. 1984ರಲ್ಲಿ ಕೀಟವಿಜ್ಞಾನಿ ವಾಲ್ಡ್‌ಬಾವರ್ ಮತ್ತು ಸಂಗಡಿಗರು ಕಾಯಿಕೊರಕದ ಹತ್ತಿರದ ಬಂಧು ಹೆಲಿಕೋವರ್ಪಾ ಜಿಯಾದ ಹುಳುಗಳ ಮುಂದೆ ಎರಡು ತುಂಡು ಆಹಾರ ಇಟ್ಟರು. ಒಂದರಲ್ಲಿ ಹಾಲಿನ ಪ್ರೊಟೀನ್ ಆದ ಕೇಸಿನ್ ಇತ್ತು, ಸಕ್ಕರೆ ಇರಲಿಲ್ಲ. ಇನ್ನೊಂದರಲ್ಲಿ ಸಕ್ಕರೆ ಇತ್ತು, ಕೇಸಿನ್ ಇರಲಿಲ್ಲ. ಹುಳುಗಳು ಇಲ್ಲಿಂದಲ್ಲಿಗೆ ಓಡಾಡಿ ಎರಡನ್ನೂ ತಿಂದವು, ಒಟ್ಟಾರೆ 79 ಪಾಲು ಕೇಸಿನ್‌ಗೆ 21 ಪಾಲು ಸಕ್ಕರೆ ಎಂಬ ಅಳತೆಗೆ ಬಂದು ನಿಂತವು. ಹುಳುವಿಗೆ ರುಚಿ ಗೊತ್ತು ಎನ್ನುವುದಕ್ಕಿಂತ, ತನ್ನ ಮೈಯಲ್ಲಿ ಏನು ಖಾಲಿಯಾಗಿದೆ ಎಂಬುದು ಅದಕ್ಕೆ ಗೊತ್ತು ಎನ್ನುವುದೇ ಸರಿ. ಪ್ರೊಟೀನ್ ತೀರಿದಾಗ ಬಾಯಿಯ ಬಳಿಯ ರುಚಿಕೋಶಗಳು ಅಮೈನೋ ಆಮ್ಲಕ್ಕೆ ಹೆಚ್ಚು ಸ್ಪಂದಿಸುತ್ತವೆ, ಸಕ್ಕರೆ ತೀರಿದಾಗ ಸಕ್ಕರೆಗೆ.

ಆಯ್ಕೆಯೇ ಇಲ್ಲದೆ ಒಂದೇ ಬಗೆಯ ಆಹಾರದಲ್ಲಿ ಸಿಕ್ಕಿಕೊಂಡಾಗ ಪೇಚು ಶುರುವಾಗುತ್ತದೆ. ಪ್ರೊಟೀನ್ ಕಡಿಮೆ, ಪಿಷ್ಟ ಹೆಚ್ಚು ಇರುವ ಮೇವಿನಲ್ಲಿ ಹುಳು ಪ್ರೊಟೀನ್ ಗುರಿ ಮುಟ್ಟಲು ಹೋಗಿ ಪಿಷ್ಟವನ್ನು ಮಿತಿಮೀರಿ ತಿನ್ನುತ್ತದೆ. ಒಂದಿಷ್ಟು ಕೊಬ್ಬಾಗುತ್ತದೆ, ಒಂದಿಷ್ಟು ಉಸಿರಾಟದಲ್ಲಿ ಸುಟ್ಟುಹೋಗುತ್ತದೆ. ಇಂಥ ಕೋಶವನ್ನು ತೂಗಿದರೆ ಪರವಾಗಿಲ್ಲ ಅನ್ನಿಸಬಹುದು. ಆದರೆ ಆ ತೂಕದಲ್ಲಿ ಕೊಬ್ಬಿನ ಪಾಲೇ ಹೆಚ್ಚು, ಮೊಟ್ಟೆಗೆ ಬೇಕಾದ ಪ್ರೊಟೀನ್ ಇರುವುದಿಲ್ಲ. ಕೋಶದ ತೂಕವೊಂದನ್ನೇ ನೋಡಿ ತೀರ್ಪು ಕೊಡುವವರು ಎಡವುವುದು ಇಲ್ಲೇ.

ಇನ್ನು ಕೆಲವು ವಸ್ತುಗಳು ಬೇಕಾಗುವುದು ಚಿಟಿಕೆಯಷ್ಟು, ಇಲ್ಲದಿದ್ದರೆ ಕೆಡುವುದು ಮಾತ್ರ ಪೂರ್ತಿ. ಕೀಟಗಳು ಸ್ಟೆರಾಲ್ ಅನ್ನು ತಾವಾಗಿ ತಯಾರಿಸಲಾರವು. ಗಿಡದ ಸ್ಟೆರಾಲನ್ನು ತಿಂದು ಕೊಲೆಸ್ಟ್ರಾಲ್ ಆಗಿ ಬದಲಿಸಿಕೊಳ್ಳುತ್ತವೆ, ಪೊರೆ ಕಳಚಿಸುವ ಎಕ್ಡೈಸೋನ್ ಹಾರ್ಮೋನ್ ತಯಾರಾಗುವುದು ಅದರಿಂದಲೇ. ಸ್ಟೆರಾಲ್ ಇಲ್ಲದ ಕೃತಕ ಆಹಾರದಲ್ಲಿ ಹುಳು ಪೊರೆ ಕಳಚಲಾಗದೆ ಅಲ್ಲೇ ನಿಲ್ಲುತ್ತದೆ. ಲಿನೋಲಿಕ್, ಲಿನೋಲೆನಿಕ್ ಎಂಬ ಕೊಬ್ಬಿನಾಮ್ಲಗಳ ಕೊರತೆ ಹುಳುವಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದು ಕಾಣುವುದು ಪತಂಗ ಹೊರಬರುವಾಗ: ಕೋಶದ ಸಿಪ್ಪೆ ಅಂಟಿಕೊಂಡಿರುತ್ತದೆ, ರೆಕ್ಕೆ ಬಿಚ್ಚಿಕೊಳ್ಳದೆ ಮುದುಡಿರುತ್ತದೆ. ಎಲೆ ತಿನ್ನುವ ಹುಳುಗಳಿಗೆ ಸಿ ಜೀವಸತ್ವವೂ ಬೇಕು, ಬಿ ಗುಂಪಿನ ಜೀವಸತ್ವಗಳೂ ಬೇಕು.

ನೀರನ್ನು ಯಾರೂ ಪೋಷಕಾಂಶವೆಂದು ಎಣಿಸುವುದಿಲ್ಲ, ಎಣಿಸಬೇಕು. ಎಳೆ ಎಲೆಯಲ್ಲಿ ಶೇ. 80ಕ್ಕೂ ಹೆಚ್ಚು ನೀರಿರುತ್ತದೆ. ಬಾಡಿದ ಎಲೆಯಲ್ಲಿ ಪ್ರೊಟೀನ್ ಅಷ್ಟೇ ಇದ್ದರೂ ಹುಳುವಿನ ಬೆಳವಣಿಗೆ ಕುಂಟುತ್ತದೆ. ಜೀರ್ಣಕ್ಕೂ ಮೈಯ ತೇವ ಕಾಯ್ದುಕೊಳ್ಳಲೂ ಅದು ಹೆಚ್ಚು ಶಕ್ತಿ ಸುರಿಯಬೇಕಾಗುತ್ತದೆ.

ಗಿಡ ಸುಮ್ಮನಿರುವುದಿಲ್ಲ

ಪ್ರಯೋಗಾಲಯದಲ್ಲಿ ಅಳೆದ ಪ್ರೊಟೀನ್ ಅಂಕಿ ಹುಳುವಿಗೆ ನಿಜವಾಗಿ ದಕ್ಕುವ ಪ್ರೊಟೀನ್ ಅಲ್ಲ. ದ್ವಿದಳ ಕಾಳುಗಳಲ್ಲಿ ಪ್ರೊಟೀನ್ ಧಾರಾಳವಾಗಿದೆ, ಅದನ್ನು ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನು ಕಟ್ಟಿಹಾಕುವ ಪ್ರತಿಬಂಧಕಗಳೂ ಅದೇ ಕಾಳಿನಲ್ಲಿವೆ. ಟೊಮೆಟೊ ಎಲೆಯನ್ನು ಹುಳು ಕಚ್ಚಿದ ಕೆಲವೇ ಗಂಟೆಗಳಲ್ಲಿ ಗಿಡ ಇಂಥ ಪ್ರತಿಬಂಧಕಗಳನ್ನು ಹೊಸದಾಗಿ ತಯಾರಿಸತೊಡಗುತ್ತದೆ, ಕಚ್ಚದ ಎಲೆಗಳಲ್ಲೂ. ಕಾಯಿಕೊರಕವೂ ಕಡಿಮೆಯದಲ್ಲ. ಪ್ರತಿಬಂಧಕಕ್ಕೆ ಬಗ್ಗದ ಬೇರೆ ಬಗೆಯ ಕಿಣ್ವಗಳನ್ನು ಹೊರಡಿಸುತ್ತದೆ. ಆದರೆ ಕಿಣ್ವವೂ ಪ್ರೊಟೀನೇ ತಾನೇ. ಮೈ ಬೆಳೆಸಲು ಬೇಕಿದ್ದ ಅಮೈನೋ ಆಮ್ಲಗಳು ಕಿಣ್ವ ತಯಾರಿಕೆಗೆ ಹೋಗುತ್ತವೆ. ಹುಳು ಸಾಯುವುದಿಲ್ಲ, ನಿಧಾನವಾಗುತ್ತದೆ.

ಕಡಲೆ ಗಿಡದ ಮೇಲಿನ ಹುಳಿಯದ್ದು ಇನ್ನೊಂದು ಬಗೆ. ಎಲೆ ಮತ್ತು ಕಾಯಿಗಳ ಮೇಲಿನ ಗ್ರಂಥಿರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಒಸರುತ್ತವೆ. ನಾಲಿಗೆಗೆ ತಟ್ಟುವ ಹುಳಿ ಮುಖ್ಯವಾಗಿ ಮ್ಯಾಲಿಕ್‌ನದ್ದು. ಆದರೆ ಕೃತಕ ಆಹಾರದಲ್ಲಿ ಬೇರೆ ಬೇರೆಯಾಗಿ ಬೆರೆಸಿ ನೋಡಿದಾಗ ಹುಳುವಿನ ಬೆಳವಣಿಗೆಯನ್ನು ತಡೆದದ್ದು ಆಕ್ಸಾಲಿಕ್ ಆಮ್ಲ, ಮ್ಯಾಲಿಕ್ ಅಲ್ಲ. ಈ ಆಮ್ಲಗಳು ನೀರಿನಲ್ಲಿ ಕರಗುತ್ತವೆ, ಜೋರು ಮಳೆಗೆ ತೊಳೆದು ಹೋಗುತ್ತವೆ. ಒಂದೇ ತಳಿ ಒಂದು ವರ್ಷ ಹುಳು ತಡೆದು, ಇನ್ನೊಂದು ವರ್ಷ ಸೋಲುವುದಕ್ಕೆ ಇಂಥ ಸಣ್ಣ ಕಾರಣವೂ ಇರಬಹುದು.

ಹತ್ತಿಯಲ್ಲಿ ಗಾಸಿಪಾಲ್ ಎಂಬ ವಿಷವಸ್ತು ತುಂಬಿದ ಕಪ್ಪು ಚುಕ್ಕೆಯಂಥ ಗ್ರಂಥಿಗಳಿವೆ. ಎಳೆಯ ಹುಳುಗಳು ಆ ಚುಕ್ಕೆಗಳನ್ನು ಬಿಟ್ಟು ನಡುವಿನ ಭಾಗವನ್ನು ಕೆರೆದು ತಿನ್ನುತ್ತವೆ, ಬಲಿತವು ಲೆಕ್ಕಿಸುವುದಿಲ್ಲ. ಈ ವ್ಯತ್ಯಾಸ ಎಲ್ಲ ಕಡೆಯೂ ಕಾಣುತ್ತದೆ. ಗಿಡದ ರಕ್ಷಣೆ ಕಚ್ಚುವುದು ಮೊದಲ ಎರಡು ಹಂತಗಳಲ್ಲಿ. ಒಂದು ಮಿಲಿಗ್ರಾಮೂ ತೂಗದ ಮರಿಗೆ ರೋಮ, ಅಂಟು, ದಪ್ಪ ಸಿಪ್ಪೆ, ವಿಷ ಎಲ್ಲವೂ ಬೆಟ್ಟ. ಮೊಟ್ಟೆಯ ಚಿಪ್ಪನ್ನು ತಿಂದು ಮುಗಿಸಿದ ಮರಿಗೆ ಬೇಗ ಒಂದು ಹೂವೋ ಚಿಗುರೋ ಸಿಗದಿದ್ದರೆ ಅದು ಅಲ್ಲಿಗೇ ಮುಗಿಯಿತು.

ತೂಕ ಸಾಲದಿದ್ದರೆ ಇನ್ನೊಂದು ಹಂತ

ಹುಳು ಯಾವಾಗ ಕೋಶವಾಗಬೇಕು ಎಂಬುದನ್ನು ತೀರ್ಮಾನಿಸುವುದು ದಿನಗಳ ಎಣಿಕೆಯಲ್ಲ, ಮೈಯ ಗಾತ್ರ. ಕೊನೆಯ ಹಂತದಲ್ಲಿ ಒಂದು ನಿರ್ಣಾಯಕ ತೂಕ ಮುಟ್ಟಿದ ಮೇಲೆ ಎಳೆತನ ಕಾಯುವ ಹಾರ್ಮೋನ್ ಇಳಿಯುತ್ತದೆ, ಎಕ್ಡೈಸೋನ್ ಏರುತ್ತದೆ, ಹುಳು ಮೇಯುವುದು ಬಿಟ್ಟು ಮಣ್ಣು ಹುಡುಕುತ್ತದೆ. ಆ ತೂಕದ ಮುಂಚೆ ಹಸಿದರೆ ಕೋಶವಾಗುವುದು ಮುಂದಕ್ಕೆ ಹೋಗುತ್ತದೆ. ಆ ತೂಕದ ನಂತರ ಹಸಿದರೆ ಹೊತ್ತಿಗೆ ಸರಿಯಾಗಿ ಕೋಶವೇನೋ ಆಗುತ್ತದೆ, ಆದರೆ ಚಿಕ್ಕದಾಗುತ್ತದೆ. ಒಂದೇ ಕೊರತೆ ಎರಡು ದಿನ ಹಿಂದೆ ಬಂದರೆ ತಡ, ಎರಡು ದಿನ ಮುಂದೆ ಬಂದರೆ ಮೊಟ್ಟೆ ಕಡಿಮೆ. ಫಲಿತಾಂಶಗಳು ಒಂದಕ್ಕೊಂದು ಹೊಂದದೆ ಗೊಂದಲವಾದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಕೊರತೆ ಬಂದದ್ದು ಯಾವ ಹಂತದಲ್ಲಿ?

ಮೇವು ತೀರಾ ಕಳಪೆಯಾದರೆ ಹುಳು ಏಳನೆಯ ಹಂತವನ್ನೇ ಸೇರಿಸಿಕೊಳ್ಳುತ್ತದೆ. ಇದನ್ನು ಪತ್ತೆ ಹಚ್ಚಲು ಕಳಚಿದ ತಲೆಚಿಪ್ಪುಗಳನ್ನು ಆರಿಸಿಟ್ಟು ಅಗಲ ಅಳೆಯಬೇಕು. ಪ್ರತಿ ಪೊರೆಗೂ ತಲೆಯ ಅಗಲ ಹೆಚ್ಚು ಕಡಿಮೆ ಒಂದೇ ಅನುಪಾತದಲ್ಲಿ ಹಿಗ್ಗುತ್ತದೆ ಎಂದು ಕೀಟವಿಜ್ಞಾನಿ ಡಯಾರ್ 1890ರಲ್ಲೇ ತೋರಿಸಿದ್ದಾರೆ. ಕಳಪೆ ಮೇವಿನಲ್ಲಿ ಆ ಅನುಪಾತ ಕುಗ್ಗಿ, ಮೆಟ್ಟಿಲುಗಳ ಸಂಖ್ಯೆ ಹೆಚ್ಚುತ್ತದೆ. ಮೈಯ ಉದ್ದ ನೋಡಿ ಹಂತ ಹೇಳುವುದು ನಂಬಲರ್ಹವಲ್ಲ, ಉಂಡ ಹುಳು ಉದ್ದ, ಹಸಿದ ಹುಳು ಗಿಡ್ಡ.

ಇನ್ನೊಂದು ವಿಷಯ. ಇಡೀ ಹುಳುಜೀವನದಲ್ಲಿ ತಿನ್ನುವುದರಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತ ಹೆಚ್ಚು ಕೊನೆಯ ಎರಡು ಹಂತಗಳಲ್ಲಿ ಹೋಗುತ್ತದೆ. ಹೊಲದಲ್ಲಿ ಹಾನಿ ಇದ್ದಕ್ಕಿದ್ದಂತೆ ರಾತ್ರೋರಾತ್ರಿ ಎದ್ದು ಕಾಣುವುದು ಅದಕ್ಕೇ. ಹುಳು ವಾರದಿಂದ ಅಲ್ಲೇ ಇತ್ತು.

ಮೊಟ್ಟೆಗೆ ಎರಡು ಖಾತೆ

ಕಾಯಿಕೊರಕದ ಹೆಣ್ಣು ಒಳ್ಳೆಯ ಆಹಾರ ಸಿಕ್ಕರೆ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಈ ಮೊಟ್ಟೆಗಳಿಗೆ ಸಾಮಗ್ರಿ ಎರಡು ಖಾತೆಗಳಿಂದ ಬರುತ್ತದೆ. ಪ್ರೊಟೀನ್ ಮತ್ತು ಕೊಬ್ಬಿನ ಬಹುಪಾಲು ಹುಳುವಾಗಿದ್ದಾಗ ಕೂಡಿಟ್ಟದ್ದು. ಹೆಣ್ಣುಕೋಶದ ತೂಕ ಹೆಚ್ಚಿದಂತೆ ಮೊಟ್ಟೆ ಹೆಚ್ಚುವುದು ಈ ಕಾರಣದಿಂದ. ಸಕ್ಕರೆ ಮತ್ತು ನೀರು ಮಾತ್ರ ಪತಂಗವಾದ ಮೇಲೆ ಬರಬೇಕು. ಬರೀ ನೀರು ಕೊಟ್ಟ ಪತಂಗಗಳು ಬೇಗ ಸಾಯುತ್ತವೆ, ಅಂಡಾಶಯದಲ್ಲಿ ಮೊಟ್ಟೆಗಳು ಬಲಿಯದೆ ಉಳಿಯುತ್ತವೆ. ಅವೇ ಪತಂಗಗಳಿಗೆ ಸಕ್ಕರೆ ಅಥವಾ ಜೇನಿನ ನೀರು ಕೊಟ್ಟರೆ ಆಯಸ್ಸೂ ಮೊಟ್ಟೆಯೂ ಏರುತ್ತವೆ. ಹಾರಾಟಕ್ಕೆ ಸಕ್ಕರೆ ಸಿಗದಿದ್ದರೆ ಪತಂಗ ಕೂಡಿಟ್ಟ ಕೊಬ್ಬನ್ನೇ ಸುಡುತ್ತದೆ, ಮೊಟ್ಟೆಯ ಹಳದಿಗೆ ಹೋಗಬೇಕಿದ್ದ ಕೊಬ್ಬು ಅದು. ಹೂ ಬಿಟ್ಟ ಬೆಳೆ ಪತಂಗವನ್ನು ಸೆಳೆಯುವುದು, ಅಲ್ಲೇ ಮೊಟ್ಟೆ ಬೀಳುವುದು ಕಾಕತಾಳೀಯವಲ್ಲ: ತಾಯಿಗೆ ಮಕರಂದ, ಮರಿಗೆ ಮೊಗ್ಗು, ಎರಡೂ ಒಂದೇ ಕಡೆ.

ತಾಯಿ ಆರಿಸಿದ ಗಿಡವೇ ಮರಿಗೆ ಅತ್ಯುತ್ತಮ ಎಂದು ಮಾತ್ರ ನಂಬಬಾರದು. ಮಕರಂದ, ವಾಸನೆ, ಎಲೆಯ ನುಣುಪು ಒರಟುತನ ಇವೆಲ್ಲ ತಾಯಿಯ ಆಯ್ಕೆಯನ್ನು ತಿರುಗಿಸುತ್ತವೆ, ಮರಿಯ ಹಣೆಬರಹ ಬೇರೆಯೇ ಇರಬಹುದು. ಹೀಗಾಗಿ ಮೊಟ್ಟೆ ಎಣಿಕೆಯೊಂದರಿಂದಲೇ ತಳಿಯ ಗುಣ ಅಳೆಯುವುದು ಅರ್ಧ ಕೆಲಸ.

ಗಂಡಿನ ಊಟಕ್ಕೂ ಬೆಲೆ ಇದೆ. ಕೂಡುವಾಗ ಗಂಡು ವೀರ್ಯದ ಚೀಲವೊಂದನ್ನು ಹೆಣ್ಣಿಗೆ ಸೇರಿಸುತ್ತದೆ. ಸೊರಗಿದ ಗಂಡಿನ ಚೀಲ ಸಣ್ಣದು. ಮೊಟ್ಟೆಗಳ ಸಂಖ್ಯೆ ಚೆನ್ನಾಗಿದ್ದೂ ಮರಿ ಒಡೆಯುವ ಪ್ರಮಾಣ ಇಳಿದಿದ್ದರೆ ಗಂಡಿನ ಕಡೆಯೂ ನೋಡಬೇಕು.

ಎಂಟು ದಿನದ ಬೆಲೆ

ಆಹಾರ ಬದಲಾದಾಗ ಬದಲಾಗುವ ಅಂಕಿಗಳು ಹಲವು: ಬದುಕುಳಿದ ಶೇಕಡಾವಾರು, ದಿನಗಳು, ತೂಕ, ಮೊಟ್ಟೆ. ಒಟ್ಟಿನಲ್ಲಿ ಕೀಟಕ್ಕೆ ಲಾಭವಾಯಿತೋ ನಷ್ಟವಾಯಿತೋ ಎಂದು ಹೇಳಲು ಇವನ್ನೆಲ್ಲ ಒಂದು ಅಂಕಿಗೆ ಇಳಿಸಬೇಕು. ಜೀವಿತ ಕೋಷ್ಟಕ ಮಾಡುವ ಕೆಲಸ ಅದೇ. ಒಂದು ಹೆಣ್ಣು ತನ್ನ ಬದಲಿಗೆ ಮುಂದಿನ ಪೀಳಿಗೆಗೆ ಬಿಟ್ಟುಹೋಗುವ ಹೆಣ್ಣುಗಳ ಸರಾಸರಿ ಸಂಖ್ಯೆ ನಿವ್ವಳ ಸಂತಾನ ದರ. ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಹಿಡಿಯುವ ಸರಾಸರಿ ದಿನಗಳು ಪೀಳಿಗೆಯ ಅವಧಿ. ಮೊದಲನೆಯದರ ಸಹಜ ಲಾಗರಿದಮ್ಮನ್ನು ಎರಡನೆಯದರಿಂದ ಭಾಗಿಸಿದರೆ ದಿನವೊಂದಕ್ಕೆ ಸಂಖ್ಯೆ ಏರುವ ದರ ಸುಮಾರಾಗಿ ಸಿಗುತ್ತದೆ. 0.693 ಅನ್ನು (2ರ ಸಹಜ ಲಾಗರಿದಮ್) ಆ ದರದಿಂದ ಭಾಗಿಸಿದರೆ ಸಂಖ್ಯೆ ಇಮ್ಮಡಿಯಾಗಲು ಬೇಕಾದ ದಿನಗಳು.

ಲೆಕ್ಕ ತಿಳಿಯಲು ಊಹೆಯ ಅಂಕಿಗಳನ್ನೇ ಇಟ್ಟುಕೊಳ್ಳೋಣ. ಒಳ್ಳೆಯ ಆಹಾರದಲ್ಲಿ ಸಂತಾನ ದರ 400, ಅವಧಿ 32 ದಿನ. ದರ 0.187, ಇಮ್ಮಡಿಗೆ 3.7 ದಿನ. ಈಗ ಆಹಾರ ಕೆಟ್ಟು ಸಂತಾನ ಅರ್ಧಕ್ಕೆ, ಅಂದರೆ 200ಕ್ಕೆ ಇಳಿಯಿತು, ದಿನ ಅಷ್ಟೇ ಇದೆ ಎನ್ನಿ: ದರ 0.166, ಇಮ್ಮಡಿಗೆ 4.2 ದಿನ. ಬದಲಿಗೆ ಸಂತಾನ 400 ಹಾಗೇ ಉಳಿದು ಅವಧಿ ಮಾತ್ರ 40 ದಿನಕ್ಕೆ ಹಿಗ್ಗಿದರೆ: ದರ 0.150, ಇಮ್ಮಡಿಗೆ 4.6 ದಿನ. ಎಂಟು ದಿನದ ವಿಳಂಬ ಮೊಟ್ಟೆ ಅರ್ಧವಾಗುವುದಕ್ಕಿಂತ ದೊಡ್ಡ ಪೆಟ್ಟು. ಅವಧಿ 32 ದಿನದಲ್ಲೇ ಇಟ್ಟುಕೊಂಡು ಅಷ್ಟೇ ಪೆಟ್ಟು ಕೊಡಬೇಕಾದರೆ ಸಂತಾನವನ್ನು 400ರಿಂದ 120ರ ಆಸುಪಾಸಿಗೆ ಇಳಿಸಬೇಕು.

"ಹುಳು ಸಾಯಲಿಲ್ಲ, ನಾಲ್ಕು ದಿನ ತಡವಾಯಿತು ಅಷ್ಟೇ" ಎಂದು ಪಕ್ಕಕ್ಕಿಡುವ ಫಲಿತಾಂಶಗಳಲ್ಲಿ ಎಷ್ಟೋ ಸಲ ನಿಜವಾದ ಪ್ರತಿರೋಧ ಅಡಗಿರುತ್ತದೆ. ವಿಳಂಬಕ್ಕೆ ಇನ್ನೂ ಒಂದು ಪ್ರಯೋಜನವಿದೆ. ಪರತಂತ್ರ ಕಣಜಗಳಲ್ಲಿ, ಅಂದರೆ ಹುಳುವಿನಲ್ಲಿ ಮೊಟ್ಟೆಯಿಟ್ಟು ಕೊನೆಗೆ ಅದನ್ನು ಕೊಲ್ಲುವ ಕಣಜಗಳಲ್ಲಿ, ಹಲವು ಎಳೆಯ ಹುಳುಗಳನ್ನೇ ಚುಚ್ಚುತ್ತವೆ. ಎನ್‌ಪಿವಿ ಎಂಬ, ಹುಳುಗಳಿಗೆ ರೋಗ ತಂದು ಕೊಲ್ಲುವ ನಂಜಾಣುವಿಗೆ (ವೈರಸ್) ಬಲಿತ ಹುಳುವನ್ನು ಕೊಲ್ಲಲು ಎಳೆಯದಕ್ಕಿಂತ ನೂರಾರು ಪಟ್ಟು ಹೆಚ್ಚು ಪ್ರಮಾಣ ಬೇಕು. ಹುಳು ಎಳೆಯ ಹಂತದಲ್ಲಿ ಹೆಚ್ಚು ದಿನ ಉಳಿದರೆ ಈ ಶತ್ರುಗಳ ಕಿಟಕಿ ಹೆಚ್ಚು ದಿನ ತೆರೆದಿರುತ್ತದೆ. ನಂಜಾಣು ತಗುಲಿದ ಹುಳುವಿಗೂ ಊಟದ ವಿವೇಕವಿದೆ. ಹತ್ತಿ ಎಲೆ ತಿನ್ನುವ ಸ್ಪೋಡೋಪ್ಟೆರಾ ಲಿಟ್ಟೊರಾಲಿಸ್ ಹುಳುಗಳು ಪ್ರೊಟೀನ್ ಹೆಚ್ಚಿರುವ ಆಹಾರದಲ್ಲಿ ಈ ಸೋಂಕನ್ನು ಚೆನ್ನಾಗಿ ತಡೆದುಕೊಂಡವು, ಆಯ್ಕೆ ಕೊಟ್ಟಾಗ ಸೋಂಕಿತ ಹುಳುಗಳು ಪ್ರೊಟೀನನ್ನೇ ಹೆಚ್ಚು ಆರಿಸಿಕೊಂಡವು.

ಅಳೆಯುವುದು ಹೇಗೆ, ಎಲ್ಲಿ ತಪ್ಪುತ್ತದೆ

ಹೋಲಿಕೆಗೆ ಒಂದು ಆಧಾರ ಬೇಕು, ಅದಕ್ಕೆ ಕಡಲೆ ಹಿಟ್ಟಿನ ಕೃತಕ ಆಹಾರ ಹೆಚ್ಚು ಬಳಕೆಯಲ್ಲಿದೆ. ಪ್ರಚಲಿತ ಅಳತೆಯೊಂದು ಹೀಗಿದೆ: ಕಡಲೆ ಹಿಟ್ಟು 105 ಗ್ರಾಂ, ಅಗರ್ 12.75 ಗ್ರಾಂ, ಯೀಸ್ಟ್ 10 ಗ್ರಾಂ, ಆಸ್ಕಾರ್ಬಿಕ್ ಆಮ್ಲ 3.25 ಗ್ರಾಂ, ಮೀಥೈಲ್ ಪ್ಯಾರಾಬೆನ್ 2 ಗ್ರಾಂ, ಸಾರ್ಬಿಕ್ ಆಮ್ಲ 1 ಗ್ರಾಂ, ಸ್ಟ್ರೆಪ್ಟೊಮೈಸಿನ್ ಸಲ್ಫೇಟ್ 0.25 ಗ್ರಾಂ, ಶೇ. 10ರ ಫಾರ್ಮಾಲ್ಡಿಹೈಡ್ ದ್ರಾವಣ 2 ಮಿ.ಲೀ., ಬಹುಜೀವಸತ್ವ ಮತ್ತು ಇ ಜೀವಸತ್ವದ ಎರಡೆರಡು ಕ್ಯಾಪ್ಸೂಲ್, ಶುದ್ಧೀಕರಿಸಿದ ನೀರು 780 ಮಿ.ಲೀ. ಅರ್ಧ ನೀರಿನಲ್ಲಿ ಹಿಟ್ಟು, ಪ್ಯಾರಾಬೆನ್, ಸಾರ್ಬಿಕ್ ಆಮ್ಲ, ಸ್ಟ್ರೆಪ್ಟೊಮೈಸಿನ್, ಫಾರ್ಮಾಲ್ಡಿಹೈಡ್ ಹಾಕಿ ಮಿಕ್ಸಿಯಲ್ಲಿ ಎರಡು ನಿಮಿಷ ತಿರುಗಿಸಬೇಕು. ಉಳಿದರ್ಧ ನೀರಿನಲ್ಲಿ ಅಗರನ್ನು ಪೂರ್ತಿ ಕರಗುವವರೆಗೆ ಕುದಿಸಿ ಇದಕ್ಕೆ ಸೇರಿಸಿ ಮತ್ತೆ ತಿರುಗಿಸಬೇಕು. ಆಸ್ಕಾರ್ಬಿಕ್ ಆಮ್ಲ, ಯೀಸ್ಟ್, ಜೀವಸತ್ವಗಳು ಕೊನೆಗೆ. ಕುದಿಯುವ ಅಗರಿಗೇ ಸಿ ಜೀವಸತ್ವ ಸುರಿದರೆ ಅದು ಕೆಡುತ್ತದೆ. ತೀರಾ ಆರಲು ಬಿಟ್ಟರೆ ಅಗರ್ ಗಡ್ಡೆ ಕಟ್ಟಿ ಬೆರೆಯುವುದಿಲ್ಲ. ಫಾರ್ಮಾಲ್ಡಿಹೈಡ್ ಆವಿ ಕಣ್ಣು, ಮೂಗಿಗೆ ಕೆಟ್ಟದ್ದು, ಗಾಳಿಯಾಡುವ ಜಾಗದಲ್ಲಿ ಕೈಗವಸು ಹಾಕಿಯೇ ಮುಟ್ಟಬೇಕು. ಸ್ವಚ್ಛತೆ ಬಿಗಿಯಾಗಿದ್ದರೆ ಅದನ್ನು ಬಿಟ್ಟೂ ನಡೆಸಬಹುದು.

ತಾಪಮಾನ 25ರಿಂದ 27 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 65ರಿಂದ 75, ಬೆಳಕು 14 ಗಂಟೆ, ಕತ್ತಲು 10 ಗಂಟೆ. ಎರಡು ಡಿಗ್ರಿ ಏರುಪೇರಾದರೂ ಬೆಳವಣಿಗೆಯ ದಿನಗಳು ಬದಲಾಗುತ್ತವೆ, ಆಹಾರದ ಪರಿಣಾಮವೋ ಬಿಸಿಯ ಪರಿಣಾಮವೋ ತಿಳಿಯದಾಗುತ್ತದೆ. ಎರಡನೆಯ ಹಂತದ ಹೊತ್ತಿಗೆ ಒಂದು ಬಟ್ಟಲಿಗೆ ಒಂದೇ ಹುಳು ಇರಬೇಕು. ಇವು ಒಂದನ್ನೊಂದು ತಿನ್ನುತ್ತವೆ, ಪಕ್ಕದವನನ್ನು ತಿಂದ ಹುಳುವಿಗೆ ಸಿಕ್ಕಿದ್ದು ಅತ್ಯುತ್ತಮ ಪ್ರೊಟೀನ್. ನಿಮ್ಮ ಕಳಪೆ ಆಹಾರದಲ್ಲಿ ಒಂದು ಹುಳು ಮಾತ್ರ ಆಶ್ಚರ್ಯಕರವಾಗಿ ಬೆಳೆದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಬೇರೆ ಬೇರೆ ತಾಯಂದಿರ ಮರಿಗಳನ್ನು ಕಲೆಸಿ ಎಲ್ಲ ಆಹಾರಗಳಿಗೂ ಹಂಚಬೇಕು. ಬಟ್ಟಲಿನ ಮುಚ್ಚಳದಲ್ಲಿ ಹಬೆ ಹನಿಗಟ್ಟಿದರೆ ಮೊದಲ ಹಂತದ ಮರಿಗಳು ಅದರಲ್ಲೇ ಮುಳುಗಿ ಸಾಯುತ್ತವೆ, ಆ ಸಾವನ್ನು ಆಹಾರದ ತಲೆಗೆ ಕಟ್ಟಬಾರದು. ಹುಳು ಮೆತ್ತಗಾಗಿ, ಮುಟ್ಟಿದರೆ ಒಡೆದು ರಸ ಸುರಿದರೆ ನಂಜಾಣು ಹೊಕ್ಕಿದೆ. ಆ ತಂಡದ ಅಂಕಿಗಳನ್ನು ಬಿಟ್ಟು ಹೊಸದಾಗಿ ತೊಡಗುವುದೇ ಲೇಸು.

ಕೋಶವಾದ ಎರಡನೆಯ ಅಥವಾ ಮೂರನೆಯ ದಿನ ತೂಗಬೇಕು, ಎಲ್ಲವನ್ನೂ ಅದೇ ವಯಸ್ಸಿಗೆ. ಹೆಣ್ಣುಕೋಶದ ಜನನರಂಧ್ರ ಹೊಟ್ಟೆಯ ಎಂಟನೆಯ ಖಂಡದಲ್ಲಿ, ಗಂಡಿನದ್ದು ಒಂಬತ್ತನೆಯದರಲ್ಲಿ. ಭೂತಗನ್ನಡಿಯಲ್ಲಿ ಸುಲಭವಾಗಿ ಕಾಣುತ್ತದೆ. ಪತಂಗಗಳಿಗೆ ಶೇ. 10ರ ಜೇನು ಅಥವಾ ಸಕ್ಕರೆ ನೀರನ್ನು ಹತ್ತಿಯಲ್ಲಿ ಅದ್ದಿ ಇಡಬೇಕು, ದಿನವೂ ಬದಲಿಸಬೇಕು. ಹುಳಿತ ಜೇನುನೀರು ಒಳ್ಳೆಯ ಆಹಾರದ ಫಲವನ್ನೆಲ್ಲ ಹಾಳು ಮಾಡುತ್ತದೆ. ಪಂಜರಕ್ಕೆ ಒರಟು ಬಟ್ಟೆ ಹೊದಿಸಿದರೆ ಅದರ ಮೇಲೆ ಮೊಟ್ಟೆ ಇಡುತ್ತವೆ. ಕೂಡದ ಹೆಣ್ಣೂ ಒಂದಿಷ್ಟು ಮೊಟ್ಟೆ ಇಡುತ್ತದೆ, ಅವು ಒಡೆಯುವುದಿಲ್ಲ. ಆದ್ದರಿಂದ ಸತ್ತ ಹೆಣ್ಣನ್ನು ಸೀಳಿ, ಒಳಗೆ ವೀರ್ಯಚೀಲ ಇದೆಯೇ ಎಂದು ನೋಡಿದ ಮೇಲೆಯೇ ಅದರ ಮೊಟ್ಟೆ ಎಣಿಕೆಯನ್ನು ಲೆಕ್ಕಕ್ಕೆ ಸೇರಿಸಬೇಕು.

ತಿಂದದ್ದು ಮೈಗೆ ಎಷ್ಟು ಹತ್ತಿತು ಎಂದು ಅಳೆಯಲು ಅದೇ ವಾಲ್ಡ್‌ಬಾವರ್ 1968ರಲ್ಲಿ ಕ್ರೋಡೀಕರಿಸಿದ ಸೂಚ್ಯಂಕಗಳು ಇಂದಿಗೂ ಬಳಕೆಯಲ್ಲಿವೆ. ಎಲ್ಲವೂ ಒಣ ತೂಕದಲ್ಲಿ. ಒಂದು ಹುಳು 1000 ಮಿ.ಗ್ರಾಂ ತಿಂದು, 600 ಮಿ.ಗ್ರಾಂ ಹಿಕ್ಕೆ ಹಾಕಿ, 120 ಮಿ.ಗ್ರಾಂ ಮೈ ಬೆಳೆಸಿತು ಎನ್ನೋಣ. ಜೀರ್ಣವಾದದ್ದು 400, ಅಂದರೆ ಶೇ. 40. ಜೀರ್ಣವಾದದ್ದರಲ್ಲಿ ಮೈಯಾದದ್ದು ಶೇ. 30. ತಿಂದದ್ದರಲ್ಲಿ ಮೈಯಾದದ್ದು ಶೇ. 12. ಮೂರೂ ಬೇರೆ ಬೇರೆ ಕಥೆ ಹೇಳುತ್ತವೆ. ಮೊದಲನೆಯದು ಇಳಿದರೆ ನಾರು ಹೆಚ್ಚಿದೆ ಅಥವಾ ಕಿಣ್ವಕ್ಕೆ ತಡೆಯಿದೆ. ಮೊದಲನೆಯದು ಸರಿಯಿದ್ದು ಎರಡನೆಯದು ಇಳಿದರೆ, ಜೀರ್ಣವಾದದ್ದು ವಿಷ ಕಳೆಯುವುದಕ್ಕೋ ಹೆಚ್ಚುವರಿ ಪಿಷ್ಟವನ್ನು ಸುಡುವುದಕ್ಕೋ ಹೋಗುತ್ತಿದೆ. ಮೂರನೆಯದು ಹಾನಿಯ ಅಂದಾಜು ಕೊಡುತ್ತದೆ: ಅದೇ 120 ಮಿ.ಗ್ರಾಂ ಬೆಳೆಯಲು ಶೇ. 20ರ ಆಹಾರದಲ್ಲಿ 600 ಮಿ.ಗ್ರಾಂ ಸಾಕು, ಶೇ. 10ರದ್ದರಲ್ಲಿ 1200 ಬೇಕು.

ಇಲ್ಲಿ ಹೆಚ್ಚಿನ ತಪ್ಪುಗಳು ನೀರಿನಿಂದ ಆಗುತ್ತವೆ. ಬಟ್ಟಲಿಗೆ ಹಾಕಿದ ಎಲೆ ತಾನಾಗಿಯೇ ಬಾಡಿ ತೂಕ ಕಳೆದುಕೊಳ್ಳುತ್ತದೆ, ಅದನ್ನೂ ಹುಳು ತಿಂದಿತೆಂದು ಬರೆದುಕೊಂಡರೆ ಸೂಚ್ಯಂಕಗಳೆಲ್ಲ ತಪ್ಪುತ್ತವೆ. ಹುಳುವಿಲ್ಲದ ಬಟ್ಟಲುಗಳಲ್ಲೂ ಎಲೆ ಇಟ್ಟು, ಅವುಗಳಿಂದ ಒಣ ತೂಕದ ಅನುಪಾತ ಲೆಕ್ಕ ಹಾಕಬೇಕು. ಉಳಿದ ಆಹಾರ, ಹಿಕ್ಕೆ ಎರಡನ್ನೂ 60 ಡಿಗ್ರಿಯಲ್ಲಿ ತೂಕ ಬದಲಾಗದೆ ನಿಲ್ಲುವವರೆಗೆ ಒಣಗಿಸಬೇಕು. ಎರಡು ತಳಿಗಳ ಎಲೆಪುಡಿಯನ್ನು ಕೃತಕ ಆಹಾರಕ್ಕೆ ಬೆರೆಸಿ ಹೋಲಿಸುವಾಗ, ಪುಡಿಯಿಲ್ಲದ ಆಹಾರಕ್ಕೆ ಅಷ್ಟೇ ತೂಕದ ಸೆಲ್ಯುಲೋಸ್ ಬೆರೆಸಬೇಕು. ಇಲ್ಲದಿದ್ದರೆ ನೀವು ಅಳೆದದ್ದು ತಳಿಯ ಗುಣವಲ್ಲ, ಹಿಟ್ಟು ತೆಳುವಾದದ್ದನ್ನು.

ಬೇರೆ ಬಾಯಿ, ಬೇರೆ ಲೆಕ್ಕ

ರಸ ಹೀರುವ ಕೀಟಗಳಲ್ಲಿ ಇದೇ ಕಥೆ ಬೇರೆ ವೇಷದಲ್ಲಿ ಬರುತ್ತದೆ. ಗಿಡದ ನಾಳರಸದಲ್ಲಿ ಸಕ್ಕರೆ ತುಂಬಾ, ಅಗತ್ಯ ಅಮೈನೋ ಆಮ್ಲ ಕಡಿಮೆ. ಗಿಡಹೇನುಗಳು ಮೈಯೊಳಗೆ ಸಾಕಿಕೊಂಡ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ ಆ ಕೊರತೆ ತುಂಬುತ್ತದೆ, ಮಿಕ್ಕ ಸಕ್ಕರೆ ಅಂಟುರಸವಾಗಿ ಹಿಂಬದಿಯಿಂದ ಹೊರಬೀಳುತ್ತದೆ. ಗುಂಪು ದಟ್ಟವಾಗಿ, ರಸದ ಸತ್ವ ಇಳಿದಾಗ ರೆಕ್ಕೆಯಿರುವ ಗಿಡಹೇನುಗಳು ಹುಟ್ಟಿ ಬೇರೆ ಗಿಡಕ್ಕೆ ಹಾರುತ್ತವೆ. ಭತ್ತದ ಕಂದು ಜಿಗಿಹುಳು ಸಾರಜನಕ ಉಂಡು ಕಪ್ಪು ಹಸಿರಾದ ಪೈರಿನಲ್ಲಿ ಹೆಚ್ಚು ಮೊಟ್ಟೆ ಇಡುತ್ತದೆ. ಹಣ್ಣುನೊಣದ್ದು ಇನ್ನೊಂದು ತೆರ: ಪ್ರೌಢ ಹೆಣ್ಣಿಗೇ ಪ್ರೊಟೀನ್ ಬೇಕು, ಅದು ಸಿಗದೆ ಮೊಟ್ಟೆ ಬಲಿಯುವುದಿಲ್ಲ. ಪ್ರೊಟೀನ್ ಬೆರೆಸಿದ ವಿಷದ ಆಮಿಷ ಅದಕ್ಕೆ ಕೆಲಸ ಮಾಡುವುದು, ಕಾಯಿಕೊರಕದ ಪತಂಗಕ್ಕೆ ಅಂಥದ್ದೇ ಆಮಿಷ ಕೆಲಸ ಮಾಡದಿರುವುದು ಈ ವ್ಯತ್ಯಾಸದಿಂದಲೇ.

ಹೊಲದ ಕಡೆಗೆ

ಸಾರಜನಕ ಗೊಬ್ಬರವನ್ನು ಒಂದೇ ಸಲ ಸುರಿದಾಗ ಬೆಳೆ ಸೊಂಪಾಗಿ, ಮೆತ್ತಗೆ, ನೀರು ತುಂಬಿದ ಎಲೆ ಬಿಡುತ್ತದೆ. ಹುಳುವಿನ ಕಣ್ಣಿಗೆ ಅದು ಪ್ರೊಟೀನೂ ನೀರೂ ತುಂಬಿದ ತಟ್ಟೆ. ಶಿಫಾರಸಿನ ಪ್ರಮಾಣವನ್ನು ಕಂತುಗಳಲ್ಲಿ ಕೊಡುವುದರ ಲಾಭ ಗೊಬ್ಬರದ ಉಳಿತಾಯದಲ್ಲಷ್ಟೇ ಇಲ್ಲ. ಹಾಗೆಂದು ಬೆಳೆಯನ್ನು ಉಪವಾಸ ಕೆಡವುವುದೂ ಸಲ್ಲ. ಸೊರಗಿದ ಗಿಡದಲ್ಲಿ ಒಂದೊಂದು ಹುಳು ಹೆಚ್ಚು ತಿನ್ನುತ್ತದೆ, ತಿಂದದ್ದನ್ನು ಮತ್ತೆ ಚಿಗುರಿಸುವ ಶಕ್ತಿ ಗಿಡಕ್ಕೂ ಇರುವುದಿಲ್ಲ.

ಹುಳು ಹುಡುಕುವ ಕೆಲಸ ಮೊಗ್ಗು ಕಟ್ಟುವ ಹೊತ್ತಿಗೇ ಶುರುವಾಗಬೇಕು. ಕಾಯಿಯಲ್ಲಿ ತೂತು ಕಂಡ ಮೇಲೆ ಸಿಗುವುದು ಐದು, ಆರನೆಯ ಹಂತದ ಹುಳು. ಆಗ ಅದು ಅತಿ ಹೆಚ್ಚು ತಿನ್ನುವ ಹಂತದಲ್ಲಿರುತ್ತದೆ, ಮೈ ದೊಡ್ಡದಾದ್ದರಿಂದ ಔಷಧಿಗೂ ನಂಜಾಣುವಿಗೂ ಬಗ್ಗುವುದು ಕಡಿಮೆ. ಮೊಟ್ಟೆ ಮತ್ತು ಮೊದಲ ಎರಡು ಹಂತದ ಮರಿಗಳಿಗಾಗಿ ಚಿಗುರು, ಮೊಗ್ಗು, ಹೂಗಳನ್ನು ಬಿಡಿಸಿ ನೋಡಬೇಕು. ಎನ್‌ಪಿವಿ ಸಿಂಪಡಿಸುವುದಿದ್ದರೆ ಅದಕ್ಕೆ ಹೊತ್ತು ಅದೇ, ಬಿಸಿಲು ಇಳಿದ ಸಂಜೆ.

ಮೊಟ್ಟೆ ಸೆಳೆಯಲು ಚೆಂಡುಹೂವನ್ನು ಬೆಳೆಯ ನಡುವೆ ಹಾಕುವವರು ಹೂ ಬಿಡುವ ಕಾಲವನ್ನು ಹೊಂದಿಸಬೇಕು. ಮುಖ್ಯ ಬೆಳೆ ಮೊಗ್ಗಾದಾಗ ಚೆಂಡುಹೂ ಅರಳಿರಬೇಕು. ತಡವಾಗಿ ಅರಳಿದರೆ ಮೊಟ್ಟೆಗಳು ಆಗಲೇ ಬೆಳೆಯ ಮೇಲೆ ಬಿದ್ದಿರುತ್ತವೆ. ಅರಳಿದ ಹೂವನ್ನು ಹುಳು ಸಹಿತ ಕಿತ್ತು ನಾಶ ಮಾಡದೆ ಬಿಟ್ಟರಂತೂ ಅದು ಬಲೆಯಲ್ಲ, ಛತ್ರ.